ಆಟದ ಬಯಲು ಉಳ್ಳವರ ಮಕ್ಕಳಿಗೆ ಮಾತ್ರವೇ?

ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗಿಬಂದವರು ನಮ್ಮ ಪೇಟೆಯಲ್ಲಿ ಹೇಳುವ ಮಾತು ಒಂದೇ: “ಬಾಳಿದರೆ ಅಂಥ ಕಡೆ ಬಾಳಬೇಕು.” ನೇರವಾದ ರಸ್ತೆಗಳು, ಸಾಲುಮರಗಳು, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಕಾಲೇಜು, ಮೈದಾನ, ಪಕ್ಕದಲ್ಲೇ 1882ರ ಸ್ಯಾಂಕಿ ಕೆರೆ, ನೋಡಲು 1669ರ ಶಾಸನವಿರುವ ಕಾಡು ಮಲ್ಲೇಶ್ವರನ ಗುಡಿ. ಇದೆಲ್ಲ ಅಲ್ಲಿನವರ ಹಣೆಬರಹ, ನಮ್ಮದು ನಮ್ಮ ಹಣೆಬರಹ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವವರೇ ಹೆಚ್ಚು.

ಹಣೆಬರಹದ ಮಾತು ಶುದ್ಧ ಸುಳ್ಳು. ಮಲ್ಲೇಶ್ವರವನ್ನು ಬರೆದದ್ದು ಬ್ರಹ್ಮನಲ್ಲ, ಸರ್ಕಾರದ ನಕ್ಷೆಗಾರ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಿತ್ತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. ಗಾಳಿ ಬೆಳಕಿಲ್ಲದ ಬಾಳು ಎಂಥದೆಂದು ಆಗ ಆಳುವವರಿಗೂ ಅರ್ಥವಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಮೊದಲು ನೆಲ ಗೊತ್ತುಮಾಡಿದರು, ರಸ್ತೆ ಎಳೆದರು, ಆಮೇಲೆ ಮನೆಗಳು ಎದ್ದವು. ಶ್ರೀಮಂತಿಕೆ ಅದರ ಹಿಂದೆ ನಡೆದು ಬಂತು.

ಆಟದ ವಿಷಯವನ್ನೇ ನೋಡಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಹುಡುಗನಾಗಿ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆಗೂ ಬಾಡಿಗೆಗೆ ಹೋಗುತ್ತಿದ್ದ ಹಾಲು. ಮದುವೆಯಿದ್ದ ದಿನ ಆಟವಿಲ್ಲ. ಅಷ್ಟು ಸಾಧಾರಣ ಜಾಗವೊಂದು ಸಾಕಾಯಿತು. ಚಾಮರಾಜನಗರದ ಕೇರಿಯಲ್ಲಿ, ಗುಂಡ್ಲುಪೇಟೆಯ ಓಣಿಯಲ್ಲಿ ಅಂಥ ಕೈಚಳಕದ ಹುಡುಗ ಹುಟ್ಟುವುದಿಲ್ಲವೇ? ಹುಟ್ಟುತ್ತಾನೆ. ಹುಡುಗಿಯೂ ಹುಟ್ಟುತ್ತಾಳೆ. ಅವರಿಗೆ ಇಲ್ಲದ್ದು ಆ ಹಾಲು.

ಮಿಲ್ ಕಾರ್ಮಿಕ ಬಂಧುಗಳು ಮಲ್ಲೇಶ್ವರದ ಇನ್ನೊಂದು ಮುಖವನ್ನೂ ಗಮನಿಸಬೇಕು. ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ಲು ಇತ್ತು. ತಲೆಮಾರುಗಳ ಕಾರ್ಮಿಕರ ಬೆವರು ಬಿದ್ದ ನೆಲ ಅದು. ಮಿಲ್ಲು ಹೋಯಿತು, 2010ರಲ್ಲಿ ಆ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಬಾಗಿಲು ತೆರೆಯಿತು. ತೆರವಾದ ನೆಲ ಅಂಗಡಿಗಳ ಅರಮನೆಯಾಯಿತೇ ಹೊರತು ಮಕ್ಕಳ ಮೈದಾನವಾಗಲಿಲ್ಲ. ಕೇಳುವವರಿಲ್ಲದಿದ್ದರೆ ನೆಲ ಯಾವ ಕಡೆ ಜಾರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ನಮ್ಮ ಮನೆಯ ಸಂಗತಿ. ಹೆಗ್ಗುರುತುಗಳಿಗೆ ನಮ್ಮಲ್ಲಿ ಬಡತನವಿಲ್ಲ. ಅರಿಕುಠಾರವೆಂಬ ಊರು 1818ರಲ್ಲಿ ಚಾಮರಾಜನಗರವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು ಆ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಜನನ ಮಂಟಪವೂ ಇದೆ. ಗುಂಡ್ಲುಪೇಟೆಗೆ ವಿಜಯನಾರಾಯಣನ ಗುಡಿಯಿದೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ, ಬಂಡೀಪುರವಿದೆ. ಪ್ರವಾಸಿಗರು ನಮ್ಮ ರೈತರ ಚೆಂಡುಹೂವಿನ ಹೊಲದಲ್ಲಿ ಫೋಟೋ ತೆಗೆಸಿಕೊಂಡು ಊಟಿಗೆ ಹೋಗುತ್ತಾರೆ. ಆದರೆ ನಮ್ಮ ಪಾಲಿಗೆ ಸರ್ಕಾರದ ಕೈ ಎಷ್ಟು ನಿಧಾನ! ಚಾಮರಾಜೇಶ್ವರನ ತೇರಿಗೆ 2017ರಲ್ಲಿ ಬೆಂಕಿ ಬಿತ್ತು. ಹೊಸ ತೇರು ಬೀದಿಗಿಳಿಯಲು 2022 ಬರಬೇಕಾಯಿತು. ದೇವರ ತೇರಿಗೇ ಐದು ವರ್ಷವಾದರೆ ಬಡವರ ಮಕ್ಕಳ ಮೈದಾನಕ್ಕೆ ಎಷ್ಟು?

ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತದೆಂಬ ಮೂಢನಂಬಿಕೆಯಿಂದ ಮುಖ್ಯಮಂತ್ರಿಗಳೇ ಈ ಊರಿಗೆ ಬೆನ್ನು ತಿರುಗಿಸಿದ ಕಾಲವೊಂದಿತ್ತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಇಲ್ಲಿಗೆ ಹಲವು ಸಲ ಬಂದೂ ಐದು ವರ್ಷ ಪೂರೈಸಿದರು. ಆ ನೆಪ ಅಂದಿಗೇ ಸತ್ತಿತು. 1997ರಲ್ಲಿ ಜಿಲ್ಲೆಯಾಯಿತು, ಜಿಲ್ಲಾ ಕ್ರೀಡಾಂಗಣವೂ ಬಂತು. ಒಳ್ಳೆಯದೇ. ಆದರೆ ಗುಂಡ್ಲುಪೇಟೆಯ ಮಗು ಸಂಜೆ ಚೆಂಡಾಡಲು ಸುಮಾರು 35 ಕಿಲೋಮೀಟರ್ ಬಸ್ಸು ಹತ್ತಿ ಬರುವುದೇ?

ಕಾನೂನು ನಮ್ಮ ಪಕ್ಷದಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ 1985ರ ಕಾಯಿದೆಯಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ನೂರಕ್ಕೆ 15 ಪಾಲು ನೆಲ ಪಾರ್ಕು ಮತ್ತು ಮೈದಾನಕ್ಕೆ, 10 ಪಾಲು ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕೆಂದು ಕಾಯಿದೆಯೇ ಹೇಳುತ್ತದೆ. ಬೆಂಗಳೂರಿನ ಮಗುವಿಗೆ ಬೇಕಾದ ಗಾಳಿ ನಮ್ಮ ಮಗುವಿಗೆ ಬೇಡವೇ?

“ಹನುಮಂತ ಹಗ್ಗ ತಿನ್ನುವಾಗ ಪೂಜಾರಿ ಶಾವಿಗೆ ಕೇಳಿದನಂತೆ; ಕೆಲಸವೇ ಇಲ್ಲದ ಊರಿಗೆ ಮೈದಾನವೇಕೆ?” ಎಂದು ಕೇಳುವವರಿದ್ದಾರೆ. ವರ್ತಕ ಮಿತ್ರರು ಇದಕ್ಕೆ ತಾವೇ ಉತ್ತರ ಹೇಳಬಲ್ಲರು. ಒಳ್ಳೆಯ ಶಾಲೆಯ ಆಸೆಗೆ ಒಂದು ಸಂಸಾರ ಮೈಸೂರಿಗೆ ಗಂಟುಮೂಟೆ ಕಟ್ಟಿದರೆ, ದಿನಸಿ ಅಂಗಡಿಯ ಖಾತೆಯೊಂದೂ ಅದರೊಡನೆ ಹೋಗುತ್ತದೆ. ಊರು ಬಾಳುವಂತಿದ್ದರೆ ವ್ಯಾಪಾರ ಬಾಳುತ್ತದೆ.

ಆದುದರಿಂದ ಮೂರು ಬೇಡಿಕೆಗಳನ್ನು ಮುಂದಿಡುತ್ತೇವೆ. ಮೊದಲನೆಯದು, ಚಾಮರಾಜನಗರದ ನಗರಸಭೆ ಮತ್ತು ಗುಂಡ್ಲುಪೇಟೆಯ ಪುರಸಭೆ ತಮ್ಮ ವ್ಯಾಪ್ತಿಯ ಪಾರ್ಕು, ಮೈದಾನ, ಸಿ.ಎ. ಸೈಟುಗಳ ಪಟ್ಟಿಯನ್ನು ಅಳತೆಯ ಸಮೇತ ಕಚೇರಿಯ ಗೋಡೆಗೆ ಅಂಟಿಸಲಿ. ಎರಡನೆಯದು, ಹೊಸ ಲೇಔಟಿನಲ್ಲಿ ಮೈದಾನದ ನೆಲ ಗುರುತಿಸಿ ಬೇಲಿ ಹಾಕುವವರೆಗೆ ಒಂದು ಸೈಟೂ ಮಾರಾಟವಾಗಕೂಡದು. ಮೂರನೆಯದು, ಸರ್ಕಾರಿ ಶಾಲೆಯ ಬಯಲು ಸಂಜೆ ಕೇರಿಯ ಮಕ್ಕಳಿಗೆ ತೆರೆದಿರಲಿ.

ಇದಕ್ಕೆ ಕೋಟಿ ಬೇಕಿಲ್ಲ, ಎಚ್ಚರ ಬೇಕು. ಇಂದು ಖಾಲಿಯಿರುವ ನೆಲ ನಾಳೆ ಖಾಲಿಯಿರುವುದಿಲ್ಲ. ವಾರ್ಡಿಗೆ ಹತ್ತು ಜನ ಹೊರಟು ನಕ್ಷೆ ಕೇಳಿ. ಕೊಡುವವರೆಗೆ ಮೆಟ್ಟಿಲು ಇಳಿಯಬೇಡಿ.