ಸೆಂಟ್ಸಿನ ಬೆಲೆ, ಊರಿನ ಬೆಲೆ

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಊರುಗಳಲ್ಲಿ ಈಗ ನಾಲ್ವರು ಸೇರಿದಲ್ಲಿ ಮಳೆ-ಬೆಳೆಯ ಮಾತಿಗಿಂತ ಮೊದಲು ಬರುವುದು ಜಾಗದ ಮಾತು. "ಆ ಕಡೆ ಸೆಂಟ್ಸಿಗೆ ಎಷ್ಟು ನಡೆಯುತ್ತದಂತೆ?" ಎಂಬ ಪ್ರಶ್ನೆ ಬಸ್ಸು ನಿಲ್ಲುವಲ್ಲಿ, ಮದುವೆಯ ಚಪ್ಪರದಲ್ಲಿ, ಕೊನೆಗೆ ಬೊಜ್ಜದ ಊಟದ ಪಂಕ್ತಿಯಲ್ಲಿಯೂ ಕೇಳಿಬರುತ್ತದೆ. ನಮ್ಮ ಅಜ್ಜಂದಿರು ಗದ್ದೆಯನ್ನು 'ಇಷ್ಟು ಮುಡಿಯ ಗದ್ದೆ' ಎಂದು ಹೇಳುತ್ತಿದ್ದರು. ಅದು ಅಕ್ಕಿ-ಭತ್ತದ ಲೆಕ್ಕ. ಬಳಿಕ ಎಕ್ರೆಯ ಲೆಕ್ಕ ಬಂತು. ಈಗ ಎಕ್ರೆಯ ನೂರರಲ್ಲೊಂದು ಪಾಲು, ಅಂದರೆ ಸುಮಾರು 435 ಚದರ ಅಡಿಯ ಸೆಂಟ್ಸಿನ ಲೆಕ್ಕ. ಅಳತೆಯ ಮಾತು ಬದಲಾದಂತೆ ನೆಲವನ್ನು ನೋಡುವ ಕಣ್ಣೂ ಬದಲಾಗುತ್ತದೆ. ಮುಡಿಯ ಲೆಕ್ಕದಲ್ಲಿ ಅನ್ನವಿತ್ತು; ಸೆಂಟ್ಸಿನ ಲೆಕ್ಕದಲ್ಲಿ ಮನೆಯ ಅಡಿಪಾಯ ಮಾತ್ರ ಉಳಿದಿದೆ.

ಬೆಲೆ ಏರಿದುದಕ್ಕೆ ಕಾರಣಗಳಿಲ್ಲದಿಲ್ಲ. 1970ರ ದಶಕದಿಂದ ನಮ್ಮ ಜಿಲ್ಲೆಯ ಸಾವಿರಾರು ಮಂದಿ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದರು. ಅಲ್ಲಿಯ ಬಿಸಿಲಲ್ಲಿ ಬೆವರು ಸುರಿಸಿ ಕೂಡಿಟ್ಟ ಹಣಕ್ಕೆ ಊರಿನಲ್ಲಿ ಒಂದು ತುಂಡು ಜಾಗವೂ ಅದರ ಮೇಲೊಂದು ಮನೆಯೂ ಮೊದಲ ಆಸೆಯಾಯಿತು. ಇತ್ತ ಮಂಗಳೂರು ಪೇಟೆ ಬೆಳೆಯುತ್ತ ಬೆಳೆಯುತ್ತ ತಲಪಾಡಿಯ ಗಡಿಯನ್ನು ಮುಟ್ಟಿದೆ. ಅಲ್ಲಿ ದುಡಿಯುವವರು ಈಚೆಗೆ ಮನೆ ಹುಡುಕುತ್ತಾರೆ. ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ಹೆದ್ದಾರಿಯನ್ನು ಆರು ಸಾಲಿಗೆ ಅಗಲಗೊಳಿಸುವ ಕೆಲಸ ಶುರುವಾದ ಮೇಲೆ ರಸ್ತೆಬದಿಯ ಗುಡ್ಡೆಗಳಿಗೂ ಬೆಲೆ ಬಂತು. ಅದೇ ಹೊತ್ತಿಗೆ ನಮ್ಮ ಮಕ್ಕಳು ಓದಿ ಬೆಂಗಳೂರು ಸೇರಿದರು. ಅಡಿಕೆ ಮರ ಹತ್ತಲು ಜನ ಸಿಗುವುದು ಕಷ್ಟವಾಯಿತು. ಹೀಗೆ ಕೊಳ್ಳುವವನ ಆತುರವೂ ಮಾರುವವನ ಬೇಸರವೂ ಒಂದೇ ಕಾಲಕ್ಕೆ ಕೂಡಿಬಂದವು.

ಆದರೆ ಇಲ್ಲೊಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಹಿಂದೆ ಯಾರೂ ಕೇಳದಿದ್ದ ಮುರಕಲ್ಲಿನ ಗುಡ್ಡೆಗೆ ಈಗ ಬೆಲೆ ಬಂದುದು ಯಾರಿಂದ? ಕಲ್ಲು ಅದೇ ಕಲ್ಲು, ಮಣ್ಣು ಅದೇ ಮಣ್ಣು. ಒಡೆಯನು ಅದಕ್ಕೆ ಒಂದು ಬುಟ್ಟಿ ಗೊಬ್ಬರವನ್ನೂ ಹಾಕಿರಲಾರ. ಬೆಲೆ ಬಂದುದು ಅದರ ಸುತ್ತ ಏನಿದೆ ಎಂಬುದರಿಂದ. ರಸ್ತೆ ಬಂತು, ಬಸ್ಸು ಬಂತು, ಕೂಗಳತೆಯಲ್ಲಿ ಶಾಲೆ ಬಂತು, ಆಸ್ಪತ್ರೆ ಬಂತು, ಬೇಸಗೆಯಲ್ಲಿಯೂ ಬತ್ತದ ಬಾವಿ ಇದೆ, ರಾತ್ರಿ ಕರೆದರೆ ಓಡಿಬರುವ ನೆರೆಯವರಿದ್ದಾರೆ. ದಲ್ಲಾಳಿ ಗಿರಾಕಿಗೆ ಮೊದಲು ತೋರಿಸುವುದು ಇವನ್ನೇ ಅಲ್ಲವೇ? "ಶಾಲೆ ಹತ್ತಿರ, ನೀರಿಗೆ ತೊಂದರೆಯಿಲ್ಲ, ಒಳ್ಳೆಯ ಜನ" ಎಂದು ಹೇಳಿ ಅವನು ಮಾರುವುದು ನೆಲವನ್ನಲ್ಲ, ಊರನ್ನು. ಹಾಗಾದರೆ ಏರಿದ ಬೆಲೆಯಲ್ಲಿ ಊರಿಗೂ ಒಂದು ಪಾಲು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ನೆಲದ ಒಡೆತನವೇ ನಮ್ಮಲ್ಲಿ ಹಲವರಿಗೆ ಸಮಾಜದಿಂದ ಬಂದುದು. ಕೇರಳದ ಭೂಸುಧಾರಣಾ ತಿದ್ದುಪಡಿ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂದಾಗ ಗೇಣಿ ಪದ್ಧತಿ ಕೊನೆಗೊಂಡಿತು. ತಲೆತಲಾಂತರದಿಂದ ಇನ್ನೊಬ್ಬರ ಗದ್ದೆಯಲ್ಲಿ ಬೆವರಿಳಿಸಿದ ಒಕ್ಕಲುಗಳು ಒಡೆಯರಾದರು. ಗುಡಿಸಲು ಕಟ್ಟಿಕೊಂಡಿದ್ದ ಬಡವರಿಗೂ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ವರೆಗೆ ತಮ್ಮದಾಗಿಸಿಕೊಳ್ಳುವ ಹಕ್ಕು ದೊರೆಯಿತು. ಅಂದು ಕೆಲವರು ಕಳಕೊಂಡರು, ಹಲವರು ಪಡೆದರು. ಪೇಟೆಯ ದರದಲ್ಲಿ ಕೊಂಡುಕೊಳ್ಳಬೇಕಾಗಿದ್ದರೆ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ಅಂಗೈಯಗಲ ನೆಲ ಸಿಗುತ್ತಿತ್ತು? ಹೀಗೆ ಬಂದ ನೆಲವನ್ನು 'ನನ್ನದು ಮಾತ್ರ' ಎನ್ನುವಾಗ ಸ್ವಲ್ಪ ಅಳುಕಬೇಕು.

ಇನ್ನು ಊರನ್ನು ಕಟ್ಟಿದವರ ವಿಚಾರ. ನಮ್ಮ ಗಡಿನಾಡಿನ ಹಳೆಯ ಶಾಲೆಗಳಲ್ಲಿ ಹೆಚ್ಚಿನವುಗಳ ಚರಿತ್ರೆ ಒಂದೇ ರೀತಿಯದು. ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಮರ ಕೊಟ್ಟರು, ಊರವರು ಕಲ್ಲು ಹೊತ್ತರು, ಒಬ್ಬ ಅಧ್ಯಾಪಕರು ಸಿಕ್ಕಿದ ಸಂಬಳಕ್ಕೆ ಪಾಠ ಮಾಡಿದರು. ಹೀಗೆ ಕೊಟ್ಟ ಜಾಗಕ್ಕೆ ಇಂದಿನ ಸೆಂಟ್ಸಿನ ದರ ಹಾಕಿ ನೋಡಿದರೆ ನಮಗೆ ತಲೆ ತಿರುಗೀತು. ಕೊಟ್ಟವರಿಗೆ ಆ ಲೆಕ್ಕ ಬೇಡವಾಗಿತ್ತು.

ಕಯ್ಯಾರ ಕಿಂಞಣ್ಣ ರೈಗಳನ್ನು (1915-2015) ನಾವು ಕವಿಗಳೆಂದು ಬಲ್ಲೆವು. ಆದರೆ ಅವರು ಪೆರಡಾಲದ ನವಜೀವನ ಪ್ರೌಢಶಾಲೆಯ ಅಧ್ಯಾಪಕರೂ, ಮಣ್ಣಿನಲ್ಲಿ ದುಡಿದ ಕೃಷಿಕರೂ, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರೆಂಬುದನ್ನು ಮಕ್ಕಳು ತಿಳಿದಿರಬೇಕು. ಬೇರೆ ಊರಿಗೆ ಹೋಗಿ ದೊಡ್ಡವರಾಗುವ ಯೋಗ್ಯತೆಯಿದ್ದ ವ್ಯಕ್ತಿ ಇಲ್ಲಿಯೇ ನಿಂತು ಊರಿನ ಕೆಲಸಕ್ಕೆ ಹೆಗಲು ಕೊಟ್ಟರು.

ಬದಿಯಡ್ಕದ ಬಳಿಯ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರ ಮಾತನ್ನು ಇಲ್ಲಿ ಹೇಳಲೇಬೇಕು. 1995ರಲ್ಲಿ ಕಾಶಿಯಾತ್ರೆಗೆಂದು ಕೂಡಿಟ್ಟಿದ್ದ ಹಣ ಅವರ ಕೈಯಲ್ಲಿತ್ತು. ಆಗ ಮಳೆಗೆ ಗುಡಿಸಲು ಕಳಕೊಂಡ ನೆರೆಯ ಬಡವರೊಬ್ಬರಿಗೆ ಆ ಹಣದಿಂದ ಅವರು ಮನೆ ಕಟ್ಟಿಸಿಕೊಟ್ಟರು. ಯಾತ್ರೆ ಅಲ್ಲಿಗೇ ನಿಂತಿತು. ಮನೆ ಕಟ್ಟುವ ಕೆಲಸ ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಅವರು ತೀರಿಕೊಳ್ಳುವಾಗ ಅವರ ಕೈಯಿಂದ 250ಕ್ಕಿಂತ ಹೆಚ್ಚು ಮನೆಗಳು ಬಡವರಿಗೆ ಸಂದಿದ್ದವು. ಯಾವ ಜಾತಿ, ಯಾವ ಮತ, ಯಾವ ಭಾಷೆ ಎಂದು ಅವರು ನೋಡಿದವರಲ್ಲ. ಮನೆಯೆಂಬುದು ಲಾಭದ ವಸ್ತುವಾಗಿರುವ ಈ ಕಾಲದಲ್ಲಿ ಅದನ್ನು ದಾನದ ವಸ್ತುವಾಗಿಸಿದವರು ನಮ್ಮ ನಡುವೆಯೇ ಬದುಕಿದ್ದರು.

ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಮತ್ತೊಂದು ಬಗೆಯ ದಾರಿ ತೋರಿಸಿದ್ದಾರೆ. ಅವರು ದೊಡ್ಡ ಜಮೀನ್ದಾರರಲ್ಲ. ಇರುವ ಕಡಿಮೆ ಜಾಗದಲ್ಲಿಯೇ ಸಣ್ಣ ಸಣ್ಣ ಚೀಲಗಳಲ್ಲಿ ಭತ್ತ ಬೆಳೆಸಿ 650ಕ್ಕೂ ಹೆಚ್ಚು ಹಳೆಯ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯಿತ್ತು ಗೌರವಿಸಿತು. ನೆಲದ ಬೆಲೆ ಅದರ ವಿಸ್ತಾರದಲ್ಲಿಲ್ಲ, ಅದರ ಮೇಲೆ ನಿಂತ ಮನುಷ್ಯನಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೆಸರು ಪತ್ರಿಕೆಯಲ್ಲಿ ಬರದವರೂ ಅನೇಕರಿದ್ದಾರೆ. ಸಂಜೆ ವಾಚನಾಲಯದ ಬಾಗಿಲು ತೆರೆಯುವವರು, ಬೇಸಗೆಗೆ ಮುಂಚೆ ತೋಡಿಗೆ ಕಟ್ಟ ಹಾಕಲು ಜನ ಸೇರಿಸುವವರು, ಮಕ್ಕಳಿಗೆ ತಾಳಮದ್ದಳೆಯ ಅರ್ಥ ಹೇಳಿಕೊಡುವವರು, ರಕ್ಷಕ-ಶಿಕ್ಷಕ ಸಂಘದ ಸಭೆಗೆ ಕೂಲಿ ಬಿಟ್ಟು ಬರುವ ತಾಯಂದಿರು. ಇಂತಹವರು ಹತ್ತು ಮಂದಿ ಇದ್ದರೆ ಅದು ಊರು. ಇಲ್ಲದಿದ್ದರೆ ಅದು ಬರಿಯ ಸರ್ವೆ ನಂಬ್ರಗಳ ಪಟ್ಟಿ.

ಈಗ ಆಗುತ್ತಿರುವ ನಷ್ಟವನ್ನು ನಾವು ಶಾಲೆಯವರು ಹತ್ತಿರದಿಂದ ನೋಡುತ್ತೇವೆ. ಒಂದು ಮನೆಯವರು ಜಾಗ ಮಾರಿ ಹೋದರೆ ಶಾಲೆಗೆ ಇಬ್ಬರು ಮಕ್ಕಳು ಕಡಿಮೆ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ನಡೆಯುವ ತಲೆಯೆಣಿಕೆಯ ಮೇಲೆ ತರಗತಿಗಳ ವಿಭಾಗವೂ ಅಧ್ಯಾಪಕರ ಹುದ್ದೆಯೂ ನಿರ್ಧಾರವಾಗುತ್ತದೆ. ನಾಲ್ಕು ಮಕ್ಕಳು ಕಡಿಮೆಯಾದುದರಿಂದ ಒಂದು ಹುದ್ದೆ ಹೋಗಬಹುದು. ಹುದ್ದೆ ಹೋದರೆ ಪಾಠ ಕುಂಟುತ್ತದೆ, ಪಾಠ ಕುಂಟಿದರೆ ಉಳಿದವರೂ ಬೇರೆ ಶಾಲೆ ನೋಡುತ್ತಾರೆ. ಕನ್ನಡ ಮಾಧ್ಯಮದ ಶಾಲೆ ಮುಚ್ಚುವುದು ಒಂದೇ ದಿನ ಆಜ್ಞೆಯಿಂದಲ್ಲ. ಒಂದೊಂದೇ ಮನೆಗೆ ಬೀಗ ಬೀಳುವುದರಿಂದ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350ಎ ವಿಧಿ ಹೇಳುತ್ತದೆ, ನಿಜ. ಆದರೆ ಬೆಂಚಿನ ಮೇಲೆ ಮಕ್ಕಳೇ ಇಲ್ಲದಿದ್ದರೆ ಯಾವ ವಿಧಿ ಏನು ಮಾಡೀತು?

ನೀರಿನ ಕತೆಯೂ ಹೀಗೆಯೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬಿದ್ದರೂ ನಮಗೆ ಎಪ್ರಿಲಿನಲ್ಲಿ ನೀರಿನ ತತ್ವಾರ. ಮುರಕಲ್ಲಿನ ಗುಡ್ಡೆ ಮಳೆನೀರನ್ನು ಕುಡಿದು ಮೆಲ್ಲಮೆಲ್ಲನೆ ಬಿಡುತ್ತದೆ. ಅದನ್ನೇ ನಂಬಿ ನಮ್ಮ ಹಿರಿಯರು ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದರು. ಈಗ ಜೆಸಿಬಿ ತಂದು ಗುಡ್ಡೆಯನ್ನು ತಟ್ಟುತಟ್ಟಾಗಿ ಕಡಿದು ನಿವೇಶನ ಮಾಡಿದರೆ ಕೆಳಗಿನ ಸುರಂಗವೂ ಬಾವಿಯೂ ಬತ್ತುತ್ತದೆ. ಜಾಗ ಮಾರಿದವನೊಬ್ಬ, ನೀರು ಕಳಕೊಂಡವರು ಹತ್ತು ಮನೆಯವರು. ಹಾಗೆಯೇ ತುಂಡು ತುಂಡಾದ ಜಾಗಕ್ಕೆ ಆವರಣ ಗೋಡೆ ಬಂದಾಗ ಮಕ್ಕಳು ಶಾಲೆಗೆ ನಡೆದು ಬರುತ್ತಿದ್ದ ಕಾಲುದಾರಿಯೂ ಮುಚ್ಚಿಹೋಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಜಾಗ ಮಾರುವವರೆಲ್ಲ ಊರದ್ರೋಹಿಗಳೆಂದು ನಾವು ಹೇಳುವುದಿಲ್ಲ. ಮಗಳ ಮದುವೆ, ಮನೆಯವರ ಕಾಯಿಲೆ, ಮಗನ ವಿದ್ಯಾಭ್ಯಾಸ, ತೀರಿಸಲಾರದ ಸಾಲ - ಇವುಗಳಿಗೆಲ್ಲ ಬಡವನಿಗೆ ನೆಲವೊಂದೇ ಆಧಾರ. ಮುದಿ ತಂದೆ-ತಾಯಿ ಇಬ್ಬರೇ ತೋಟ ನೋಡಿಕೊಳ್ಳಬೇಕೆಂದು ಉಪದೇಶಿಸುವುದು ಸುಲಭ, ಆ ತೋಟಕ್ಕೆ ನೀರು ಬಿಡುವುದು ಕಷ್ಟ. ಹೊಸತಾಗಿ ಬಂದವರೂ ನಮ್ಮ ವೈರಿಗಳಲ್ಲ. ನಮ್ಮದು ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ನಾಡು. ಕನ್ನಡದ ಹೆಸರು ಕೆತ್ತಿ ಬೀಗ ಹಾಕಿದ ಮನೆಗಿಂತ, ಬೇರೆ ಮಾತಿನವರು ದೀಪ ಹಚ್ಚಿ ಬಾಳುವ ಮನೆ ಊರಿಗೆ ಮೇಲು. ಆ ಮನೆಯ ಮಕ್ಕಳು ನಮ್ಮ ಮೈದಾನಿನಲ್ಲಿ ಆಡಿದರೆ, ಅವರ ತಂದೆ ಕಟ್ಟ ಹಾಕಲು ಬಂದರೆ ಅವರೂ ಊರವರೇ.

ಆದುದರಿಂದ ನಮ್ಮ ಬಿನ್ನಹ ಮಾರಬೇಡಿರೆಂದಲ್ಲ. ಮಾರುವಾಗ ಊರನ್ನು ನೆನೆಯಿರಿ ಎಂದು. ಒಂದನೆಯದಾಗಿ, ಎಲ್ಲವನ್ನೂ ಮಾರಬೇಕಾದರೂ ಸಾಧ್ಯವಿದ್ದರೆ ಮನೆ ನಿಲ್ಲುವಷ್ಟು 10 ಸೆಂಟ್ಸ್ ಉಳಿಸಿಕೊಳ್ಳಿರಿ. ಮರಳಿ ಬರಲು ಮಕ್ಕಳಿಗೊಂದು ಹೊಸ್ತಿಲಿರಲಿ. ಎರಡನೆಯದಾಗಿ, ಕಾಲುದಾರಿ ಮತ್ತು ನೀರಿನ ಹಕ್ಕನ್ನು ಬಾಯಿಮಾತಿಗೆ ಬಿಡದೆ ಆಧಾರಪತ್ರದಲ್ಲಿ ಬರೆಯಿಸಿರಿ. ಮಲಯಾಳದಲ್ಲಿರುವ ಆಧಾರವನ್ನು ಓದಬಲ್ಲವರಿಂದ ಪೂರ್ತಿ ಓದಿಸಿ ಅರ್ಥ ತಿಳಿದ ಮೇಲೆಯೇ ಸಹಿ ಹಾಕಿರಿ. ಮೂರನೆಯದಾಗಿ, ಗದ್ದೆಯನ್ನು ಮನೆಯ ಜಾಗವೆಂದು ನಂಬಿ ಕೊಳ್ಳಬೇಡಿರಿ. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನಿನಂತೆ ದತ್ತಾಂಶ ಪಟ್ಟಿಯಲ್ಲಿ ಸೇರಿದ ಗದ್ದೆಗೆ ಮಣ್ಣು ತುಂಬಿಸುವುದು ಅಪರಾಧ. ಬೇರೆ ಜಾಗವಿಲ್ಲದ ಒಡೆಯನಿಗೆ ಮಾತ್ರ ಅನುಮತಿ ಪಡೆದು ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಮನೆಗಾಗಿ ಬಳಸಲು ಅವಕಾಶವಿದೆ. ದಲ್ಲಾಳಿಯ ಮಾತಿಗಿಂತ ಗ್ರಾಮ ಕಚೇರಿ ಮತ್ತು ಕೃಷಿಭವನದ ಪಟ್ಟಿ ದೊಡ್ಡದು.

ನಾಲ್ಕನೆಯದು ನಮ್ಮ ಮುಖ್ಯ ಮಾತು. ಜಾಗದ ನೋಂದಣಿಯಲ್ಲಿ ನೂರಕ್ಕೆ 8 ಮುದ್ರಾಂಕ ಶುಲ್ಕ, ನೂರಕ್ಕೆ 2 ನೋಂದಣಿ ಶುಲ್ಕ - ಹೀಗೆ ಹತ್ತು ಪಾಲು ಸರಕಾರಕ್ಕೆ ಹೋಗುತ್ತದೆ. ದಲ್ಲಾಳಿಗೂ ಅವನ ಪಾಲಿದೆ. ಬೆಲೆಯನ್ನು ಏರಿಸಿದ ಊರಿಗೆ ಮಾತ್ರ ಏನೂ ಇಲ್ಲ. ಮಾರಿದವರೂ ಕೊಂಡವರೂ ಕೂಡಿ ನೂರಕ್ಕೆ ಒಂದನ್ನು ಊರಿಗೆಂದು ತೆಗೆದಿಡುವ ಪದ್ಧತಿ ನಮ್ಮಲ್ಲಿ ಬೆಳೆದರೆ ಏನಾಗದು? ಶಾಲೆಯ ವಾಚನಾಲಯಕ್ಕೆ ಪುಸ್ತಕ, ತೋಡಿಗೆ ಒಂದು ಕಟ್ಟ, ಬಡ ಮಗುವಿನ ಬಸ್ಸಿನ ಖರ್ಚು - ಯಾವುದಾದರೂ ಒಂದು ಸಾಕು. ಯಾರ ಮೇಲೂ ಒತ್ತಾಯವಿರಬಾರದು, ಕೊಟ್ಟವರ ಹೆಸರಿಗೆ ಫಲಕವೂ ಬೇಡ. ಲೆಕ್ಕ ಮಾತ್ರ ಎಲ್ಲರ ಕಣ್ಣೆದುರು ಇರಲಿ. ಆಗ ಊರು ಬಿಟ್ಟು ಹೋಗುವವರೂ ಸಾಲ ತೀರಿಸಿದ ನೆಮ್ಮದಿಯಿಂದ ಹೋಗಬಹುದು. ಬರುವವರು ಮೊದಲ ದಿನವೇ ಊರಿನ ಪಾಲುಗಾರರಾಗಬಹುದು.

ವಿದ್ಯಾರ್ಥಿ ಮಿತ್ರರೇ, ಮುಂದೆ ನೀವು ಎಲ್ಲಿಯಾದರೂ ದುಡಿಯಿರಿ, ಎಷ್ಟಾದರೂ ಸಂಪಾದಿಸಿರಿ. ಈ ರಜೆಯಲ್ಲಿ ಮಾತ್ರ ಒಂದು ಕೆಲಸ ಮಾಡಿರಿ. ನಿಮ್ಮ ಶಾಲೆಗೆ ಜಾಗ ಕೊಟ್ಟವರು ಯಾರು, ನೀವು ನಡೆದು ಬರುವ ದಾರಿಗೆ ಹಿತ್ತಿಲು ಬಿಟ್ಟುಕೊಟ್ಟವರು ಯಾರು, ಊರಿನ ಬಾವಿ ತೋಡಿಸಿದವರು ಯಾರು ಎಂಬುದನ್ನು ಹಿರಿಯರಲ್ಲಿ ಕೇಳಿ ಬರೆದಿಡಿರಿ. ಆಧಾರಪತ್ರದಲ್ಲಿ ಇರುವುದು ಜಾಗದ ನಾಲ್ಕು ಗಡಿ ಮಾತ್ರ. ಆ ಗಡಿಯೊಳಗೆ ಬಾಳಿ ಹೊರಗಿನವರಿಗೂ ಆದವರ ಹೆಸರನ್ನು ಉಳಿಸಬೇಕಾದವರು ನೀವು.