ಹಿಮ ಬಿಟ್ಟುಕೊಟ್ಟ ಸಾಕ್ಷಿ

ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಹಿಮದ ಹೊದಿಕೆ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ಸರಿದ ಜಾಗದಲ್ಲಿ ಸತ್ತ ಹಾವಸೆ ಹೊರಬರುತ್ತಿದೆ. ಬೆಳೆದಲ್ಲೇ ನೆಲ ಕಚ್ಚಿಕೊಂಡ, ಎಳೆ ಎಳೆಯಾಗಿ ಉಳಿದ ಕಪ್ಪು ಹಾವಸೆ. ಅದು ಎಂದು ಸತ್ತಿತೆಂದು ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ ನಮ್ಮೆಲ್ಲರ ನಿದ್ದೆ ಕೆಡಿಸಬೇಕು.

ಎತ್ತರದ ಬಯಲುಗಳ ಮೇಲೆ ಕೂತ ಈ ತೆಳು ಹಿಮ ಬುಡದವರೆಗೂ ನೆಲಕ್ಕೆ ಹೆಪ್ಪುಗಟ್ಟಿರುತ್ತದೆ. ಹರಿಯುವ ಹಿಮನದಿಯಂತೆ ನೆಲವನ್ನು ಉಜ್ಜುವುದಿಲ್ಲ. ಅಡಿಯಲ್ಲಿ ಸಿಕ್ಕ ಸಸ್ಯವನ್ನು ಇದ್ದಂತೆಯೇ ಕಾಪಾಡುತ್ತದೆ. ಆ ಸಸ್ಯದ ವಯಸ್ಸು ತಿಳಿದರೆ, ಅಲ್ಲಿಯ ಹಿಮ ಎಷ್ಟು ಕಾಲದಿಂದ ಕರಗದೆ ಉಳಿದಿತ್ತು ಎಂಬುದೂ ತಿಳಿಯುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ಗಿಫರ್ಡ್ ಮಿಲ್ಲರ್ ತಂಡ ಹಿಮದಂಚಿನಿಂದಲೇ ಆಯ್ದ ಹಾವಸೆಯನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಒಡ್ಡಿತು. ಕೆಲವು ಮಾದರಿಗಳಿಗೆ 44,000 ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು 2013ರಲ್ಲಿ ಪ್ರಕಟಿಸಿತು. 2019ರ ಅಧ್ಯಯನ 30 ಹಿಮದ ಹೊದಿಕೆಗಳ ಅಂಚಿಗೆ ಹರಡಿತು. ಅಲ್ಲೆಲ್ಲ ಸಿಕ್ಕ ಸಸ್ಯಗಳು 40,000 ವರ್ಷಕ್ಕಿಂತ ಹಳೆಯವು. ಗ್ರೀನ್‌ಲ್ಯಾಂಡಿನ ಹಿಮದ ದಾಖಲೆಯೊಂದಿಗೆ ತಾಳೆ ನೋಡಿದರೆ, ಬ್ಯಾಫಿನ್‌ನಲ್ಲಿ ಇಂಥ ಬೆಚ್ಚನೆಯ ಶತಮಾನ ಬಂದು ಸುಮಾರು 1,15,000 ವರ್ಷಗಳೇ ಆಗಿರಬಹುದು.

ಹವಾಮಾನ ಎಂದಿನಿಂದಲೂ ಬದಲಾಗುತ್ತಲೇ ಬಂದಿದೆ, ಇದರಲ್ಲಿ ಹೊಸದೇನು ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಭೂಮಿಯ ಕಕ್ಷೆ ಮತ್ತು ವಾಲುವಿಕೆ ಬದಲಾದ ಕಾರಣ ಉತ್ತರ ಧ್ರುವ ಪ್ರದೇಶದ ಬೇಸಿಗೆ ಬಿಸಿಲು ಸಾವಿರಾರು ವರ್ಷಗಳಿಂದ ಕುಂದುತ್ತ ಬಂದಿದೆ. ಲೆಕ್ಕದಂತೆ ಹಿಮ ಬೆಳೆಯಬೇಕಿತ್ತು. ಆದರೂ ಅದು ಕರಗುತ್ತಿದೆ. ಕಾರಣ ಗಾಳಿಯಲ್ಲಿದೆ. ಕಾರ್ಖಾನೆಗಳ ಯುಗಕ್ಕೆ ಮುನ್ನ ಸುಮಾರು 280 ಪಿಪಿಎಂ (ಹತ್ತು ಲಕ್ಷಕ್ಕೆ 280 ಭಾಗ) ಇದ್ದ ಗಾಳಿಯ ಇಂಗಾಲದ ಡೈ ಆಕ್ಸೈಡ್ ಈಗ 420 ದಾಟಿದೆ. ಬಿಸಿಯ ಗುರುತು ಇನ್ನೊಂದು ಧ್ರುವದತ್ತಲೂ ಇದೆ. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದಲ್ಲಿ ಬಹುಪಾಲು ಹಾವಸೆಯೇ ಆದ ಹಸಿರು 1986ರಲ್ಲಿ ಒಂದು ಚದರ ಕಿಲೋಮೀಟರಿಗೂ ಕಡಿಮೆಯಿತ್ತು. 2021ರ ಹೊತ್ತಿಗೆ ಸುಮಾರು 12 ಚದರ ಕಿಲೋಮೀಟರಿಗೆ ಹಬ್ಬಿತು.

ಬ್ಯಾಫಿನ್‌ನ ಈ ಸಾಕ್ಷಿಗೆ ಆಯಸ್ಸು ಕಡಿಮೆ. ಹಿಮದ ರಕ್ಷಣೆ ತಪ್ಪಿದ ಒಣ ಹಾವಸೆಯನ್ನು ಗಾಳಿ ಮತ್ತು ಕರಗಿದ ನೀರು ಬೇಗನೆ ಕಿತ್ತೊಯ್ಯುತ್ತವೆ. ಈ ಬೇಸಿಗೆಯಲ್ಲಿ ಆಯ್ದುಕೊಳ್ಳದ ಪುರಾವೆ ಮುಂದಿನ ಬೇಸಿಗೆಗೆ ಇರುತ್ತದೆಂಬ ಖಾತರಿಯಿಲ್ಲ.

ನಮ್ಮ ನೆರೆಯ ನೀಲಗಿರಿಯಲ್ಲೂ ಇಂಥ ಕಡತವಿದೆ. ಅಲ್ಲಿಯ ಜೌಗು ತಗ್ಗುಗಳಲ್ಲಿ ಅರೆಕೊಳೆತ ಸಸ್ಯಗಳು ಪದರಪದರವಾಗಿ ಶೇಖರವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಆ ಪದರಗಳ ಇಂಗಾಲವನ್ನು ಓದಿ, ಹಿಮಯುಗದ ಒಣ ಕಾಲವನ್ನೂ ಸುಮಾರು 9,000 ವರ್ಷ ಹಿಂದೆ ಮುಂಗಾರು ಬಲಗೊಂಡಿದ್ದನ್ನೂ ಗುರುತಿಸಿದರು. ಮುಂಗಾರು ಎಷ್ಟು ಏರುಪೇರಾಗಬಲ್ಲದು ಎಂದು ತಿಳಿಸುವ ಈ ನೆಲವನ್ನು ನೀರು ಬಸಿದು ಹೊಲ, ತೋಟ ಮಾಡಿದರೆ ದಾಖಲೆ ಶಾಶ್ವತವಾಗಿ ಅಳಿಸಿಹೋಗುತ್ತದೆ.

ಆದ್ದರಿಂದ ಸರ್ಕಾರಗಳು ನೀಲಗಿರಿಯಂಥ ಬೆಟ್ಟಗಳ ಜೌಗುಗಳನ್ನು ಪಾಳು ಜಮೀನೆಂದು ನೋಡುವುದನ್ನು ಬಿಟ್ಟು ಗುರುತಿಸಿ, ಗಡಿ ಹಾಕಿ, ಕಾಯಬೇಕು. ಪುರಾತನ ಹವಾಮಾನದ ಅಧ್ಯಯನಕ್ಕೆ ಹಣ ಒದಗಿಸಬೇಕು. ಎಲ್ಲಕ್ಕಿಂತ ಮೊದಲು ಕಲ್ಲಿದ್ದಲು, ತೈಲಗಳ ಉರಿ ತಗ್ಗಬೇಕು. ಹಾವಸೆಯ ಸಾಕ್ಷಿ ನಮ್ಮ ಕೈ ಸೇರಿದೆ. ಇನ್ನು ಮುಂದೆ ಗೊತ್ತಿರಲಿಲ್ಲ ಎಂಬ ನೆಪ ಯಾವ ಸರ್ಕಾರಕ್ಕೂ ಇಲ್ಲ, ನಮಗೂ ಇಲ್ಲ.