ಗೋಡೆ ಕಟ್ಟುವವರು ಇಬ್ಬರು

ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇದ್ದ ಮಾತು ಇದು. ಬರೆದೇ ಬಿಡೋಣ ಅಂತ ಕೂತಿದ್ದೇನೆ. ಬೈಯುವವರು ಬೈಯಲಿ.

ನಮ್ಮ ಚರ್ಚುಗಳಲ್ಲಿ, ಅದರಲ್ಲೂ ಶಾಮಿಯಾನ ಹಾಕಿ ನಡೆಸುವ ವರ್ಷದ ಕೂಟಗಳಲ್ಲಿ, ಒಂದು ಪಾಠವನ್ನು ತಪ್ಪದೆ ಒಪ್ಪಿಸುತ್ತಾರೆ. ಕಾಲ ಕೆಟ್ಟಿದೆ, ಲೋಕವೆಲ್ಲ ಸೆಕ್ಯುಲರ್ ಆಗಿದೆ, ಮೊಬೈಲು, ಮಾಲು, ಸಿನಿಮಾ ಸೇರಿ ಮಕ್ಕಳನ್ನು ಕೆಡಿಸಿವೆ, ಆದ್ದರಿಂದ ಲೋಕದಿಂದ ದೂರ ಇರಿ. ನಾಸಿಕದಲ್ಲಾದರೆ ಈ ಪಟ್ಟಿಗೆ ವೈನ್ ತೋಟಗಳೂ ಸೇರುತ್ತವೆ (ಕಾನಾ ಊರಿನ ಮದುವೆಯ ಕಥೆ ಆ ದಿನ ಯಾರಿಗೂ ನೆನಪಾಗೋದಿಲ್ಲ!).

ಇನ್ನೊಂದು ಕಡೆ ನಮ್ಮ ಆಫೀಸಿನ ಗೆಳೆಯರು. ಓದಿದವರು, ಒಳ್ಳೆಯವರೇ. ಅವರು ಹೇಳೋದು: "ಧರ್ಮ ನಿಮ್ಮ ಖಾಸಗಿ ವಿಷಯ ಸಾಹೇಬ್ರೆ, ಮನೇಲಿಟ್ಟುಕೊಳ್ಳಿ. ಹೊರಗೆ ತಂದರೆ ಗಲಾಟೆ."

ಸ್ವಲ್ಪ ಯೋಚಿಸಿ ನೋಡಿ. ಇಬ್ಬರೂ ಹೇಳುತ್ತಿರುವುದು ಒಂದೇ ಅಲ್ಲವೇ? ಒಬ್ಬರು ಒಳಗಿನಿಂದ ಇಟ್ಟಿಗೆ ಇಡುತ್ತಾರೆ, ಇನ್ನೊಬ್ಬರು ಹೊರಗಿನಿಂದ. ಗೋಡೆ ಒಂದೇ. ಆ ಗೋಡೆಯೊಳಗೆ ನಂಬಿಕೆಗೆ ಸಿಗೋದು ಭಾನುವಾರ ಬೆಳಿಗ್ಗೆ ಎರಡು ಗಂಟೆ. ಉಳಿದ ಆರೂವರೆ ದಿನ ನಾವೂ ಎಲ್ಲರ ಹಾಗೆಯೇ.

ಮೊದಲು ನಮ್ಮವರ ದೂರನ್ನೇ ತೆಗೆದುಕೊಳ್ಳೋಣ. ಲೋಕ ದೇವರನ್ನು ಮರೆತಿದೆಯಂತೆ. ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭ ನಡೆಯುವ ಗೋದಾವರಿ ತೀರದ ಊರಲ್ಲಿ ನಿಂತು ಈ ಮಾತು ಹೇಳೋದಕ್ಕೆ ಧೈರ್ಯ ಬೇಕು ಮಾರಾಯ್ರೆ! 2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ, ಶೇ. 0.96. ಆದರೂ ಫೆಬ್ರವರಿಯಲ್ಲಿ ನಾಸಿಕ್ ರೋಡಿನ ಬಾಲಯೇಸುವಿನ ಜಾತ್ರೆಗೆ ಹೋಗಿ ನೋಡಿ. ಸಾಲಿನಲ್ಲಿ ನಿಂತವರಲ್ಲಿ ಕುಂಕುಮ ಇಟ್ಟವರು ಎಷ್ಟೋ ಮಂದಿ. ಜನ ದೇವರನ್ನು ಮರೆತಿಲ್ಲ. ಜನ ನಮ್ಮ ಉಪದೇಶವನ್ನು ನಂಬುತ್ತಿಲ್ಲ, ಅಷ್ಟೇ. ಎರಡೂ ಬೇರೆ ಬೇರೆ ಖಾತೆ, ಒಂದರ ಬಾಕಿಯನ್ನು ಇನ್ನೊಂದಕ್ಕೆ ಹಾಕಬಾರದು.

ಯಾಕೆ ನಂಬುತ್ತಿಲ್ಲ? ಇದಕ್ಕೆ ನಾಸಿಕದ ಮಣ್ಣಲ್ಲೇ ಉತ್ತರ ಇದೆ.

ನಾಸಿಕದ ಹತ್ತಿರ ಜಲಾಲಪುರ ಅಂತ ಒಂದು ಊರು. 1868ರಲ್ಲಿ ಅಲ್ಲೊಂದು ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು ಲಕ್ಷ್ಮೀಬಾಯಿ ಟಿಳಕ್. ತಂದೆಗೆ ವಿಪರೀತ ಮಡಿ. ಗಂಡ ನಾರಾಯಣ ವಾಮನ ಟಿಳಕ್ ಮರಾಠಿ ಕವಿ. 1895ರಲ್ಲಿ ಅವರು ಮುಂಬಯಿಯಲ್ಲಿ ಕ್ರೈಸ್ತರಾದರು. ಹೆಂಡತಿ ಹಿಂದೆಯೇ ಹೋಗಲಿಲ್ಲ. ಅತ್ತರು, ಜಗಳ ಆಡಿದರು, ವರ್ಷಗಟ್ಟಲೆ ದೂರ ಇದ್ದರು. ಆಮೇಲೆ ತಾವಾಗಿಯೇ ಯೋಚಿಸಿ, ಜಾತಿ ದೇವರು ಮಾಡಿದ್ದಲ್ಲ, ಮನುಷ್ಯ ಮಾಡಿದ್ದು ಅನ್ನೋ ತೀರ್ಮಾನಕ್ಕೆ ಬಂದು ಎಲ್ಲರ ಕೈಯ ನೀರು ಕುಡಿಯಲು ಶುರು ಮಾಡಿದರು. ದೀಕ್ಷಾಸ್ನಾನ ಆದದ್ದು ಅದರ ನಂತರ, 1900ರಲ್ಲಿ.

ಕ್ರಮ ಗಮನಿಸಿ. ಮೊದಲು ಜಾತಿ ಹೋಯಿತು, ಆಮೇಲೆ ದೀಕ್ಷಾಸ್ನಾನ. ನಮ್ಮಲ್ಲಿ ದೀಕ್ಷಾಸ್ನಾನ ಆಗಿ ಮೂರು, ನಾಲ್ಕು ತಲೆಮಾರು ಆಗಿದೆ. ಜಾತಿ ಹೋಗಿದೆಯೇ? ಮದುವೆ ಸಂಬಂಧ ಕೂಡಿಸುವಾಗ ಕೇಳುವ ಪ್ರಶ್ನೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. "ಹುಡುಗ ನಮ್ಮವರಾ?" ಅಂದರೆ ಏನು ಅರ್ಥ ಅಂತ ಎಲ್ಲರಿಗೂ ಗೊತ್ತು. ಇದನ್ನು ನಮಗೆ ಕಲಿಸಿದ್ದು ಮೊಬೈಲಾ? ಮಾಲಾ?

ಟಿಳಕರು 1917ರಲ್ಲಿ ಮಿಷನ್ನಿನ ಸಂಬಳ ಬಿಟ್ಟರು. 'ದೇವಾಚಾ ದರಬಾರ' ಅನ್ನೋ ಬಳಗ ಕಟ್ಟಿದರು. ದೀಕ್ಷಾಸ್ನಾನ ಆದವರೂ ಬರಬಹುದು, ಆಗದವರೂ ಬರಬಹುದು, ಕ್ರಿಸ್ತನ ಹಿಂದೆ ನಡೆಯುವ ಮನಸ್ಸಿದ್ದರೆ ಸಾಕು. ತುಕಾರಾಮರನ್ನು ಬಿಟ್ಟು ಬಂದವರಲ್ಲ ಅವರು, ತುಕಾರಾಮರ ದಾರಿಯಲ್ಲೇ ಬಂದವರು. 1919ರಲ್ಲಿ ತೀರಿಕೊಂಡರು, ಬಳಗ ದೊಡ್ಡದಾಗಿ ಬೆಳೆಯಲಿಲ್ಲ. ಆದರೆ ಲಕ್ಷ್ಮೀಬಾಯಿಯವರ ಆತ್ಮಕಥೆ 'ಸ್ಮೃತಿಚಿತ್ರೆ'ಯನ್ನು ಇವತ್ತಿಗೂ ಮರಾಠಿ ಮನೆಗಳಲ್ಲಿ ಓದುತ್ತಾರೆ, ಕ್ರೈಸ್ತರಲ್ಲದ ಮನೆಗಳಲ್ಲೇ ಹೆಚ್ಚು. ಗೋಡೆಯ ಹಿಂದೆ ಕೂತಿದ್ದರೆ ಆ ಪುಸ್ತಕ ಹುಟ್ಟುತ್ತಿತ್ತೇ?

ನಮ್ಮ ಕರಾವಳಿಯ ಕಥೆಯೂ ಇದೇ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರು ಜಾತಿಯ ಜೊತೆ ಕಸುಬನ್ನೂ ಕಳೆದುಕೊಂಡರು. ಮಿಷನ್ನಿನವರು ಬರೀ ಪ್ರಾರ್ಥನೆ ಮಾಡಿ ಕಳಿಸಲಿಲ್ಲ. ನೇಯ್ಗೆ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಸಭೆಯೊಳಗೆ ಜಾತಿ ಇಟ್ಟುಕೊಳ್ಳಲು ಬಿಡಲಿಲ್ಲ. ಅವರ ದರ್ಪ, ಕಟ್ಟುನಿಟ್ಟು ಬೇರೆ ವಿಷಯ, ಅದರ ಬಗ್ಗೆ ಜಗಳ ಆಡಬಹುದು. ಆದರೆ ನಂಬಿಕೆ ಅಂದರೆ ಸೋಮವಾರದ ಹೊಟ್ಟೆಪಾಡೂ ಹೌದು ಅನ್ನೋದು ಅವರಿಗೆ ಗೊತ್ತಿತ್ತು.

ಈಗ ಔರಂಗಾಬಾದಿಗೆ ಬರುತ್ತೇನೆ. 2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ. ನನ್ನ ಸರ್ವೀಸಿನ ಕೆಲವು ವರ್ಷ ಅಲ್ಲಿ ಕಳೆದಿದ್ದೇನೆ. ಬಾಬಾಸಾಹೇಬ್ ಅಂಬೇಡ್ಕರರು 1950ರಲ್ಲಿ ಮಿಲಿಂದ ಕಾಲೇಜು ತೆರೆದ ಊರು ಅದು. ಅದೇ 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಬಂತು: ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಒಂದೇ ಗಲ್ಲಿ, ಒಂದೇ ಮುತ್ತಜ್ಜ, ಬೌದ್ಧನಾದ ಮೊಮ್ಮಗನಿಗೆ ಸರ್ಟಿಫಿಕೇಟ್ ಇದೆ, ಕ್ರೈಸ್ತನಾದ ಮೊಮ್ಮಗನಿಗೆ ಇಲ್ಲ. ಊರಿನವರು ಕೀಳಾಗಿ ನೋಡುವುದು ಮಾತ್ರ ಇಬ್ಬರನ್ನೂ.

ಹಾಗಾಗಿ ಎಷ್ಟೋ ಮಂದಿ ಎರಡು ಹೆಸರಿನಲ್ಲಿ ಬದುಕುತ್ತಾರೆ. ಕಾಗದದಲ್ಲಿ ಒಂದು, ಸಭೆಯಲ್ಲಿ ಒಂದು. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ಹೊಸದಲ್ಲ. ನವೆಂಬರ್ 2024ರಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ನಂಬಿಕೆಯಲ್ಲಿ ನಡೆಯುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಹೇಳಿತು. ಕಾನೂನಿನ ಮಾತು ಸರಿಯೇ ಇರಬಹುದು. ಆದರೆ ನಂಬಿಕೆ ಖಾಸಗಿ ವಿಷಯ ಅನ್ನುವ ಗೆಳೆಯರೇ, ಖಾಸಗಿ ವಿಷಯಕ್ಕೆ ಸರ್ಕಾರ ದಂಡ ಯಾಕೆ ಹಾಕುತ್ತದೆ? ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ?

ನಮ್ಮ ವೇದಿಕೆಯವರನ್ನೂ ಕೇಳುತ್ತೇನೆ. ಈ ದೇಶದಲ್ಲಿ ಕ್ರಿಸ್ತನ ಹೆಸರಿಗಾಗಿ ನಿಜವಾಗಿ ಬೆಲೆ ಕೊಡುತ್ತಿರುವವರು ಈ ಬಡವರು. ಮಗಳ ಸೀಟು ಹೋಗುತ್ತದೆ, ಮಗನ ನೌಕರಿ ಹೋಗುತ್ತದೆ ಅಂತ ಗೊತ್ತಿದ್ದೂ ಒಂದೇ ಹೆಸರು ಉಳಿಸಿಕೊಂಡವರು ಅವರಲ್ಲಿದ್ದಾರೆ. ಅಂಥ ಮನೆಯ ಹುಡುಗಿಗೆ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಫೀಸಿಲ್ಲದೆ ಎಷ್ಟು ಸೀಟು ಇಡುತ್ತೀರಿ? ಶಾಮಿಯಾನದ ಬಾಡಿಗೆ ಎಷ್ಟು? ಎರಡೂ ಅಂಕಿ ಪಕ್ಕ ಪಕ್ಕ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ನಮ್ಮ ನಂಬಿಕೆಯ ಬ್ಯಾಲೆನ್ಸ್ ಶೀಟು ಅದೇ.

ಸೆಕ್ಯುಲರ್ ಗೆಳೆಯರ ಭಯ ನನಗೆ ಅರ್ಥ ಆಗುತ್ತೆ. ಧರ್ಮ ಬೀದಿಗೆ ಬಂದಾಗೆಲ್ಲ ಲೌಡ್‌ಸ್ಪೀಕರು, ಮೆರವಣಿಗೆ, ಕಲ್ಲು ತೂರಾಟ ನೋಡಿದ್ದೇವೆ. ಇಂಥ ಸಂವಿಧಾನ ಇಲ್ಲದಿದ್ದರೆ ಶೇ. 0.96ರ ನಮ್ಮ ಗತಿ ಏನಾಗುತ್ತಿತ್ತು ಅಂತಲೂ ಗೊತ್ತು. ಆದರೆ ಮಿಷನ್ ಆಸ್ಪತ್ರೆ ಬೇಕು, ಮಿಷನ್ ಶಾಲೆಯ ಸೀಟು ಬೇಕು, 'ಸ್ಮೃತಿಚಿತ್ರೆ' ಬೇಕು, ಅದನ್ನು ಹುಟ್ಟಿಸಿದ ನಂಬಿಕೆ ಮಾತ್ರ ಮನೇಲಿರಲಿ ಅಂದರೆ ಹೇಗೆ? ಹಣ್ಣು ಬೇಕು, ಮರ ಕಣ್ಣಿಗೆ ಬೀಳಬಾರದು! 25ನೇ ವಿಧಿ ನಂಬುವ ಹಕ್ಕನ್ನಷ್ಟೇ ಕೊಟ್ಟಿಲ್ಲ, ಆಚರಿಸುವ ಹಕ್ಕನ್ನೂ ಕೊಟ್ಟಿದೆ.

ಹಾಗಾದರೆ ನಂಬಿಕೆಯನ್ನು ಹೊರಗೆ ತರೋದು ಅಂದರೆ ಏನು? ಟೇಬಲ್ಲಿನ ಮೇಲೆ ಶಿಲುಬೆ ಇಡೋದಲ್ಲ, ಕಾರಿನ ಗಾಜಿಗೆ ವಚನ ಅಂಟಿಸೋದೂ ಅಲ್ಲ. ಬಿಲ್ಡರ್ ಬಂದಾಗ ಕುರ್ಚಿ, ಚಹಾ. ಲಾಸಲಗಾಂವ್ ಕಡೆಯ ಈರುಳ್ಳಿ ರೈತ ಬೆಳೆಸಾಲಕ್ಕೆ ಬಂದಾಗ "ನಾಳೆ ಬಾ". ಎಲ್ಲ ಬ್ಯಾಂಕುಗಳಲ್ಲೂ ಕಾಣುವ ದೃಶ್ಯ ಇದು. ಆ ಸೀಟಿನಲ್ಲಿ ಕೂತವನು ಕ್ರೈಸ್ತನಾಗಿದ್ದರೆ ಅಲ್ಲಿ ಏನಾದರೂ ವ್ಯತ್ಯಾಸ ಆಗಬೇಕು. ಆಗದಿದ್ದರೆ ಅವನು ಭಾನುವಾರ ಎಷ್ಟು ಗಟ್ಟಿಯಾಗಿ ಹಾಡಿದರೂ ಪ್ರಯೋಜನ ಇಲ್ಲ.

ನಮ್ಮ ಮಕ್ಕಳು ಸಭೆಗೆ ಬರುತ್ತಿಲ್ಲ ಅಂತ ಗೋಳಾಡುತ್ತೇವಲ್ಲ, ಅವರು ಕೆಟ್ಟಿಲ್ಲ ಸ್ವಾಮಿ. ಅಪ್ಪ ಭಾನುವಾರ ಹೇಳಿದ್ದನ್ನೂ ಸೋಮವಾರ ಮಾಡಿದ್ದನ್ನೂ ತಾಳೆ ನೋಡಿದ್ದಾರೆ. ಲೆಕ್ಕ ಟ್ಯಾಲಿ ಆಗಿಲ್ಲ, ಎದ್ದು ಹೋಗಿದ್ದಾರೆ. ಅವರನ್ನು ವಾಪಸ್ ಕರೆಯಬೇಕಾದರೆ ಮುಂದಿನ ಕೂಟದ ಖರ್ಚಿನಲ್ಲಿ ಅರ್ಧವನ್ನಾದರೂ ಆ ಸರ್ಟಿಫಿಕೇಟ್ ಇಲ್ಲದ ಹುಡುಗಿಯ ಫೀಸಿಗೆ ಕೊಡಿ, ಅದೂ ಅವರ ಕಣ್ಣೆದುರಿಗೇ. ಆಮೇಲೆ ಸೆಕ್ಯುಲರ್ ಸಂಸ್ಕೃತಿಯ ಬಗ್ಗೆ ಭಾಷಣ ಮಾಡಿ, ನಾನೂ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತೇನೆ.